ರಜೆಯಲ್ಲಿ ಸವೆಯುವ ಅಕ್ಷರ

ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ 2025ರಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ ಇತ್ತು. ಎಣಿಸಿದರೆ 48 ದಿನ. ಅದಕ್ಕೆ ಮುಂಚೆ ಪರೀಕ್ಷೆ, ಮೌಲ್ಯಮಾಪನ, ಫಲಿತಾಂಶ ಪ್ರಕಟಣೆಗಳಲ್ಲಿ ಕಳೆದುಹೋಗುವ ದಿನಗಳನ್ನೂ, ಅನಂತರ ದಾಖಲಾತಿ, ಪಠ್ಯಪುಸ್ತಕ ಹಾಗೂ ಸಮವಸ್ತ್ರ ವಿತರಣೆಯ ಗಡಿಬಿಡಿಯಲ್ಲಿ ಸಂದುಹೋಗುವ ದಿನಗಳನ್ನೂ ಸೇರಿಸಿಕೊಂಡರೆ, ಮಗುವೊಂದು ಪಾಠದಿಂದ ದೂರವಿರುವ ಅವಧಿ ಎರಡು ತಿಂಗಳನ್ನು ಸಮೀಪಿಸುತ್ತದೆ. ಜೂನ್ ತಿಂಗಳಲ್ಲಿ ಮೂರನೆಯ ತರಗತಿಗೆ ಬಂದು ಕುಳಿತ ಮಗು ಎರಡನೆಯ ತರಗತಿಯ ವ್ಯವಕಲನದಲ್ಲಿ ದಶಕ ಎರವಲು ಪಡೆಯುವುದನ್ನು ಮರೆತಿರುತ್ತದೆ. ಮಾರ್ಚಿಯಲ್ಲಿ ತಡೆಯಿಲ್ಲದೆ ಓದುತ್ತಿದ್ದ ಸಾಲಿನಲ್ಲಿ ಒತ್ತಕ್ಷರ ಬಂದ ಕಡೆಯೆಲ್ಲ ನಿಂತು ನಿಂತು ಮುಂದೆ ಹೋಗುತ್ತದೆ. ಇದು ಶಿಕ್ಷಕರಿಗೆ ಹೊಸ ಸಂಗತಿಯೇನಲ್ಲ. ಶಾಲೆ ತೆರೆದೊಡನೆ ‘ಸೇತುಬಂಧ’ ಎಂಬ ಕಾರ್ಯಕ್ರಮವನ್ನು ನಡೆಸಿ, ಹಿಂದಿನ ವರ್ಷದ ಕಲಿಕೆಯಲ್ಲಿ ಎಷ್ಟು ಉಳಿದಿದೆ ಎಂದು ಪರೀಕ್ಷಿಸಿ, ಉಳಿಯದೇ ಇದ್ದುದನ್ನು ಮತ್ತೆ ಕಲಿಸುವ ಪದ್ಧತಿ ನಮ್ಮಲ್ಲಿದೆ. ಅಂದರೆ ರಜೆಯಲ್ಲಿ ಕಲಿಕೆ ಸವೆಯುತ್ತದೆ ಎಂಬುದನ್ನು ಶಿಕ್ಷಣ ಇಲಾಖೆಯೇ ತನ್ನ ವೇಳಾಪಟ್ಟಿಯಲ್ಲಿ ಒಪ್ಪಿಕೊಂಡಿದೆ. ಯಂತ್ರೋಪಕರಣಗಳ ಮೇಲೆ ಸವಕಳಿಯನ್ನು ಪ್ರತಿವರ್ಷವೂ ಲೆಕ್ಕ ಹಾಕುವ ಅರ್ಥಶಾಸ್ತ್ರ ಮಕ್ಕಳ ಅಕ್ಷರದ ಮೇಲಿನ ಸವಕಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಮಾತ್ರ ಬಹಳ ತಡವಾಗಿ.

ಹಾಗೆಂದ ಮಾತ್ರಕ್ಕೆ ರಜೆಯನ್ನು ಮೊಟಕುಗೊಳಿಸಬೇಕೆಂಬುದು ಈ ಲೇಖನದ ವಾದವಲ್ಲ. ಕಲಬುರಗಿ, ರಾಯಚೂರು, ಯಾದಗಿರಿಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ದಿನಗಳಲ್ಲಿ ತಗಡಿನ ಅಥವಾ ಕಾಂಕ್ರೀಟಿನ ಛಾವಣಿಯ ಕೆಳಗೆ ನಲವತ್ತು ಮಕ್ಕಳನ್ನು ಕೂಡಿಹಾಕುವುದು ವಿವೇಕವಲ್ಲ. ಕೋವಿಡ್‌ನಿಂದಾದ ನಷ್ಟವನ್ನು ತುಂಬಿಕೊಳ್ಳಲು 2022ರಲ್ಲಿ ಸರ್ಕಾರ ಎರಡು ವಾರ ಮೊದಲೇ, ಮೇ 16ರಂದು, ಶಾಲೆಗಳನ್ನು ತೆರೆದು ‘ಕಲಿಕಾ ಚೇತರಿಕೆ’ಯನ್ನು ಆರಂಭಿಸಿತು, ಅದು ಅಸಾಧಾರಣ ಸಂದರ್ಭದ ಅಸಾಧಾರಣ ಕ್ರಮ. ಪ್ರತಿವರ್ಷವೂ ಹಾಗೆ ಮಾಡಬೇಕಾಗಿಲ್ಲ. ಅಜ್ಜಿಯ ಮನೆ, ಊರ ಜಾತ್ರೆ, ಮಾವಿನ ತೋಪು, ಮದುವೆ ಮನೆಯ ಓಡಾಟ ಇವು ಯಾವ ಪಠ್ಯಕ್ರಮವೂ ಕೊಡಲಾಗದ ಸಂಪತ್ತು. ನಮ್ಮ ಪ್ರಶ್ನೆ ಬೇರೆಯದು: ಈ 48 ದಿನಗಳಲ್ಲಿ ಸವೆಯುವುದು ಏನು, ಯಾರದು ಹೆಚ್ಚು ಸವೆಯುತ್ತದೆ, ಮತ್ತು ಅದನ್ನು ತಡೆಯಲು ನಿಜಕ್ಕೂ ಎಷ್ಟು ಬೇಕು?

ಮರೆವಿನ ಅಧ್ಯಯನ ಹಳೆಯದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನೋವಿಜ್ಞಾನಿ 1885ರಲ್ಲಿಯೇ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಅವು ಎಷ್ಟು ದಿನಕ್ಕೆ ಎಷ್ಟು ಮರೆತುಹೋಗುತ್ತವೆ ಎಂದು ಅಳೆದ. ಮರೆವು ಮೊದಲು ಕಡಿದಾಗಿಯೂ ಅನಂತರ ನಿಧಾನವಾಗಿಯೂ ಇಳಿಯುತ್ತದೆ ಎಂಬುದು ಅವನ ಒಂದು ಶೋಧನೆ. ಒಂದೇ ಸಲಕ್ಕೆ ಉರು ಹಚ್ಚುವುದಕ್ಕಿಂತ ಬಿಡುವು ಕೊಟ್ಟು ಮರಳಿ ಮರಳಿ ನೆನಪಿಸಿಕೊಂಡರೆ ಹೆಚ್ಚು ಉಳಿಯುತ್ತದೆ ಎಂಬುದು ಇನ್ನೊಂದು, ನಮಗೆ ಹೆಚ್ಚು ಉಪಯುಕ್ತವಾದದ್ದು. ಭಾನುವಾರ ಮೂರೂವರೆ ಗಂಟೆ ಕೂರಿಸುವುದಕ್ಕಿಂತ ದಿನಕ್ಕೆ ಅರ್ಧ ಗಂಟೆ ಮೇಲು ಎಂಬ ಮಾತಿಗೆ ಇರುವ ಆಧಾರ ಇದು. ಸಂಜೆ ದೀಪ ಹಚ್ಚಿದ ಮೇಲೆ ಮನೆಯ ಮಕ್ಕಳೆಲ್ಲ ಸಾಲಾಗಿ ಕುಳಿತು ಮಗ್ಗಿ ಹೇಳುತ್ತಿದ್ದ ನಮ್ಮ ಹಳೆಯ ಪದ್ಧತಿಗೆ ಎಬ್ಬಿಂಗ್‌ಹೌಸನ ಹೆಸರು ಗೊತ್ತಿರಲಿಲ್ಲ. ಪೂರ್ಣಾಂಕದ ಮಗ್ಗಿಯಷ್ಟೇ ಅಲ್ಲದೆ ಕಾಲು, ಅರ್ಧ, ಮುಕ್ಕಾಲರ ಮಗ್ಗಿಯನ್ನೂ ಒಪ್ಪಿಸುತ್ತಿದ್ದ ತಲೆಮಾರು ಸಂತೆಯಲ್ಲಿ ಪಾವು, ಸೇರಿನ ಲೆಕ್ಕಕ್ಕೆ ಕಾಗದವನ್ನು ಹುಡುಕುತ್ತಿರಲಿಲ್ಲ.

ಎಲ್ಲವೂ ಒಂದೇ ಪ್ರಮಾಣದಲ್ಲಿ ಮರೆತುಹೋಗುವುದಿಲ್ಲ. ಸೈಕಲ್ ಸವಾರಿ ಮರೆಯುವುದಿಲ್ಲ, ಕತೆ ಅಷ್ಟಾಗಿ ಮರೆಯುವುದಿಲ್ಲ. ಹಂತ ಹಂತವಾಗಿ ಮಾಡಬೇಕಾದ ಕ್ರಿಯೆಗಳು, ಅಂದರೆ ಎರವಲು ಪಡೆದು ಕಳೆಯುವುದು, ಭಾಗಾಕಾರ, ಕಾಗುಣಿತ ಇವು ಬೇಗ ಮಸುಕಾಗುತ್ತವೆ. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 39 ಅಧ್ಯಯನಗಳನ್ನು ಒಟ್ಟಿಗೆ ಪರಾಮರ್ಶಿಸಿ 1996ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಬೇಸಿಗೆಯಲ್ಲಿ ಮಕ್ಕಳು ಸರಾಸರಿ ಒಂದು ತಿಂಗಳಷ್ಟು ಕಲಿಕೆಯನ್ನು ಕಳೆದುಕೊಳ್ಳುತ್ತಾರೆ. ಓದಿಗಿಂತ ಗಣಿತದಲ್ಲಿ ನಷ್ಟ ಹೆಚ್ಚು. ಕಾರಣ ಊಹಿಸುವುದು ಕಷ್ಟವಲ್ಲ. ಓದು ಶಾಲೆಯ ಹೊರಗೂ, ಕೆಲವು ಮನೆಗಳಲ್ಲಾದರೂ, ನಡೆಯುತ್ತದೆ. ದೀರ್ಘ ಭಾಗಾಕಾರ ಯಾರ ಮನೆಯಲ್ಲೂ ತಾನಾಗಿ ನಡೆಯುವುದಿಲ್ಲ.

ಇನ್ನೂ ಮುಖ್ಯವಾದ ಅಧ್ಯಯನ ಬಾಲ್ಟಿಮೋರ್ ನಗರದ್ದು. 1982ರಲ್ಲಿ ಅಲ್ಲಿ ಒಂದನೆಯ ತರಗತಿಗೆ ಸೇರಿದ ಸುಮಾರು 800 ಮಕ್ಕಳನ್ನು ಡೋರಿಸ್ ಎಂಟ್‌ವಿಸಲ್, ಕಾರ್ಲ್ ಅಲೆಗ್ಸಾಂಡರ್ ಎಂಬ ಸಮಾಜವಿಜ್ಞಾನಿಗಳು ದಶಕಗಳ ಕಾಲ ಹಿಂಬಾಲಿಸಿದರು. ಶಾಲೆ ನಡೆಯುವ ತಿಂಗಳುಗಳಲ್ಲಿ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಕಲಿಯುತ್ತಿದ್ದರು; ಬೇಸಿಗೆ ಬಂದಾಗ ಉಳ್ಳವರ ಮಕ್ಕಳು ಮುಂದೆ ಸಾಗುತ್ತಿದ್ದರು, ಬಡವರ ಮಕ್ಕಳು ನಿಂತಲ್ಲೇ ನಿಲ್ಲುತ್ತಿದ್ದರು. ವರ್ಷದಿಂದ ವರ್ಷಕ್ಕೆ ಈ ಅಂತರ ಕೂಡುತ್ತಾ ಹೋಗಿ ಕೊನೆಗೆ ಕಂದರವಾಗುತ್ತಿತ್ತು. ಇದನ್ನು ವಿವರಿಸಲು ಅವರು ಬಳಸಿದ ಉಪಮೆ ನಲ್ಲಿಯದು: ಶಾಲೆ ಇದ್ದಾಗ ನಲ್ಲಿಯಲ್ಲಿ ನೀರು ಎಲ್ಲರಿಗೂ ಬರುತ್ತದೆ, ರಜೆಯಲ್ಲಿ ನಲ್ಲಿ ನಿಲ್ಲುತ್ತದೆ. ನಮ್ಮ ನಗರವಾಸಿಗಳಿಗೆ ಈ ಉಪಮೆಯನ್ನು ಇನ್ನೊಂದು ಹೆಜ್ಜೆ ಮುಂದೊಯ್ಯುವುದು ಸುಲಭ. ಸಂಪೂ ಮೇಲಿನ ಟ್ಯಾಂಕೂ ಇರುವ ಮನೆಗೆ ಎರಡು ದಿನ ನೀರು ಬಿಡದಿದ್ದರೆ ಅದು ಗೊತ್ತೂ ಆಗುವುದಿಲ್ಲ. ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರಿಗೆ ಅಂದೇ ಗೊತ್ತಾಗುತ್ತದೆ. ಪುಸ್ತಕ, ಪತ್ರಿಕೆ, ಓದಿದ ತಾಯಿತಂದೆ, ಪ್ರವಾಸ, ಪ್ರಶ್ನೆಗೆ ಉತ್ತರಿಸಲು ಪುರುಸೊತ್ತಿರುವ ತಾತ ಇವೆಲ್ಲ ಮಧ್ಯಮ ವರ್ಗದ ಮಗುವಿನ ಸಂಪು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಆ ಹಳೆಯ ಪರೀಕ್ಷೆಗಳಲ್ಲಿ ಅಂಕ ನೀಡಿದ ಮಾಪನ ವಿಧಾನದಲ್ಲಿಯೇ ದೋಷವಿತ್ತು, ಹೊಸ ವಿಧಾನದಲ್ಲಿ ಅಳೆದರೆ ಬೇಸಿಗೆಯ ಅಂತರ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ ಎಂದು ಪಾಲ್ ವಾನ್ ಹಿಪೆಲ್ ಎಂಬ ವಿದ್ವಾಂಸರು 2019ರಲ್ಲಿ ಆಕ್ಷೇಪಿಸಿದ್ದಾರೆ. ಆ ವಾಗ್ವಾದ ಅಮೆರಿಕದ ಪಂಡಿತರಿಗಿರಲಿ. ಬಾಗಿಲು ಮುಚ್ಚಿದ ಶಾಲೆ ಮಕ್ಕಳಿಗೆ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ನೆಲದ್ದೇ ಆದ ಸಾಕ್ಷ್ಯ ಕೋವಿಡ್ ಕಾಲದಲ್ಲಿ ದೊರೆಯಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 44 ಜಿಲ್ಲೆಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಅಧ್ಯಯನಕ್ಕೆ ಒಳಪಡಿಸಿತು. ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ತಮಗಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಆ ಪ್ರಮಾಣ ಶೇ 82. ಹೊಸದನ್ನು ಕಲಿಯದೇ ಹೋದದ್ದರ ಲೆಕ್ಕವಲ್ಲ ಇದು, ಕಲಿತದ್ದನ್ನೇ ಕಳೆದುಕೊಂಡದ್ದರ ಲೆಕ್ಕ. ಹತ್ತು ತಿಂಗಳ ಮುಚ್ಚುಗಡೆಯನ್ನೂ ಏಳು ವಾರದ ರಜೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ತಪ್ಪು, ನಿಜ. ಆದರೆ ಸವಕಳಿಯ ಜಾತಿ ಒಂದೇ, ಪ್ರಮಾಣ ಮಾತ್ರ ಬೇರೆ.

ಮೊದಲೇ ತೆಳುವಾಗಿರುವ ಕಡೆ ಈ ಸವಕಳಿ ಆಗುತ್ತಿದೆ ಎಂಬುದನ್ನು ಮರೆಯಬಾರದು. ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಮೂರನೆಯ ತರಗತಿಯಲ್ಲಿದ್ದು ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲ ಮಕ್ಕಳ ಪ್ರಮಾಣ 2022ರಲ್ಲಿ ಶೇ 20.5ಕ್ಕೆ ಕುಸಿದಿತ್ತು, 2024ರಲ್ಲಿ ಚೇತರಿಸಿಕೊಂಡು ಶೇ 27.1 ಆಯಿತು. ಚೇತರಿಕೆಯೇನೋ ಸಂತೋಷದ ವಿಷಯ. ಆದರೆ ನಾಲ್ವರಲ್ಲಿ ಮೂವರು ಓದಲಾರರು ಎಂಬ ಸ್ಥಿತಿಯನ್ನು ಸಂತೋಷ ಎಂದು ಕರೆಯಬೇಕಾಗಿ ಬಂದಿರುವುದು ನಮ್ಮ ಕಾಲದ ವಿಪರ್ಯಾಸ.

ಈಗ ನಮ್ಮ ಮನೆಗಳ ಕಡೆಗೆ ತಿರುಗೋಣ. ನಗರದ ಮಧ್ಯಮ ವರ್ಗದ ಮನೆಯಲ್ಲಿ ಏಪ್ರಿಲ್ ಬಂತೆಂದರೆ ಶಿಬಿರಗಳ ಕರಪತ್ರಗಳು ದಿನಪತ್ರಿಕೆಯ ಮಡಿಕೆಯಿಂದ ಉದುರುತ್ತವೆ: ಅಬಾಕಸ್, ವೇದಗಣಿತ, ರೋಬೊಟಿಕ್ಸ್, ಕೋಡಿಂಗ್, ವ್ಯಕ್ತಿತ್ವ ವಿಕಸನ. ಜೊತೆಗೆ ಮುಂದಿನ ತರಗತಿಯ ಟ್ಯೂಷನ್ ಈಗಿನಿಂದಲೇ ಆರಂಭ. ಶಾಲೆ ಕೊಟ್ಟ ರಜಾ ಪ್ರಾಜೆಕ್ಟನ್ನು ಕೊನೆಯ ವಾರದಲ್ಲಿ ತಾಯಿ ಮಾಡುತ್ತಾಳೆ, ತಂದೆ ಥರ್ಮೊಕೋಲ್ ತಂದುಕೊಡುತ್ತಾನೆ, ಮಗು ಪಕ್ಕದಲ್ಲಿ ಕುಳಿತು ನೋಡುತ್ತದೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂತಹ ಕೆಲವು ಉತ್ತಮ ಶಿಬಿರಗಳನ್ನು ಬಿಟ್ಟರೆ ಉಳಿದ ಬಹುಪಾಲು, ತಾಯಿತಂದೆಯರು ಕಚೇರಿಗೆ ಹೋದಾಗ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಗೆ ಕೊಟ್ಟ ಅಂದದ ಹೆಸರು. ಅದರಲ್ಲಿ ತಪ್ಪೇನಿಲ್ಲ; ಇಬ್ಬರೂ ದುಡಿಯುವ ಮನೆಯಲ್ಲಿ ಅದು ಅನಿವಾರ್ಯ. ಆದರೆ ಅದನ್ನು ಕಲಿಕೆ ಎಂದು ಭಾವಿಸಿ, ಇನ್ನೂ ಸಾಲದೆಂದು ಆತಂಕಪಡುವುದು ಅನಗತ್ಯ.

ಅದೇ ಮನೆಗೆ ಪಾತ್ರೆ ತೊಳೆಯಲು ಬರುವ ಹೆಂಗಸಿನ ಜೊತೆ ಬೇಸಿಗೆಯಲ್ಲಿ ಅವಳ ಮಗಳೂ ಬರುವುದನ್ನು ಓದುಗರು ಗಮನಿಸಿರಬಹುದು. ಬಾಡಿಗೆಯ ಒಂದೇ ಕೋಣೆಯಲ್ಲಿ ಹತ್ತು ವರ್ಷದ ಹುಡುಗಿಯನ್ನು ಒಬ್ಬಳನ್ನೇ ಬಿಟ್ಟುಬರಲು ತಾಯಿಗೆ ಧೈರ್ಯ ಸಾಲದು. ಮೊದಲ ವಾರ ಹುಡುಗಿ ಹಿತ್ತಲ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿರುತ್ತಾಳೆ. ಎರಡನೆಯ ವಾರ ತೊಳೆದ ಪಾತ್ರೆಗಳನ್ನು ಜೋಡಿಸುತ್ತಾಳೆ. ಮೇ ತಿಂಗಳ ಹೊತ್ತಿಗೆ ತಾಯಿ ಒಂದು ಮನೆಯಲ್ಲಿರುವಾಗ ಮಗಳು ಇನ್ನೊಂದು ಮನೆಯ ಕಸ ಗುಡಿಸುತ್ತಿರುತ್ತಾಳೆ. ಜೂನ್‌ನಲ್ಲಿ ಶಾಲೆಗೆ ಹಿಂದಿರುಗಿದಾಗ ಅವಳು ಕಳೆದುಕೊಂಡಿರುವುದು ಬರೀ ಭಾಗಾಕಾರವನ್ನಲ್ಲ. ಹಿಂದಿರುಗದೆ ಇರುವವರೂ ಇದ್ದಾರೆ. ಅಂಥವರ ಪಟ್ಟಿಯನ್ನು ‘ಶಾಲೆಯಿಂದ ಹೊರಗುಳಿದ ಮಕ್ಕಳು’ ಎಂಬ ಶೀರ್ಷಿಕೆಯಡಿ ಪ್ರತಿ ಜೂನ್‌ನಲ್ಲೂ ನೋಡುತ್ತಿದ್ದುದು ನನ್ನ ಸೇವಾವಧಿಯ ಸುಖಕರವಲ್ಲದ ನೆನಪುಗಳಲ್ಲಿ ಒಂದು.

ಮನೆಯಲ್ಲಿ ಬೇಕಾದುದು ಎಷ್ಟು? ದಿನಕ್ಕೆ ಅರ್ಧ ಗಂಟೆಯ ಓದು ಮತ್ತು ಕಾಲು ಗಂಟೆಯ ಲೆಕ್ಕ ಸಾಕು ಎಂಬುದು ನನ್ನ ಅಭಿಪ್ರಾಯ. ಆದರೆ ಅವು ಶಾಲೆಯ ಅಭ್ಯಾಸದ ಮುಂದುವರಿಕೆಯಂತೆ ಕಾಣಬಾರದು. ಕಲಿತದ್ದನ್ನು ಬಳಸುವ ಸಂದರ್ಭ ಒದಗಬೇಕು. ರಜೆಯಲ್ಲಿ ಕಲಿಕೆ ಸವೆಯುವುದು ಮಗು ಆಡಿದ್ದರಿಂದಲ್ಲ, ಕಲಿತದ್ದಕ್ಕೆ ಉಪಯೋಗ ಬೀಳದೇ ಇದ್ದುದರಿಂದ.

ಉದಾಹರಣೆಗೆ ಬೇಸಿಗೆ ರಜೆಯೂ ಐಪಿಎಲ್ ಕ್ರಿಕೆಟ್ಟೂ ಒಟ್ಟಿಗೇ ಬರುತ್ತವೆ. ಅದನ್ನು ಶಪಿಸುವ ತಾಯಿತಂದೆಯರೇ ಹೆಚ್ಚು. ಆದರೆ ಅಂಕಪಟ್ಟಿಯಲ್ಲಿ 15.3 ಓವರ್ ಎಂದು ಇರುವುದರ ಅರ್ಥವನ್ನು ಐದನೆಯ ತರಗತಿಯ ಹುಡುಗನಿಗೆ ಕೇಳಿ ನೋಡಿ. ಅದು ದಶಮಾಂಶವಲ್ಲ; ಹದಿನೈದು ಓವರ್ ಮತ್ತು ಮೂರು ಚೆಂಡು, ಅಂದರೆ ಹದಿನೈದೂವರೆ. ಆರು ಚೆಂಡಿಗೆ ಒಂದು ಓವರ್ ಆದುದರಿಂದ 15.6 ಎಂಬುದೇ ಇಲ್ಲ, ಅದು 16. ಗೆಲ್ಲಲು 27 ಚೆಂಡುಗಳಲ್ಲಿ 45 ಓಟ ಬೇಕಾದರೆ ಓವರಿಗೆ ಎಷ್ಟು? ಹತ್ತು ಎಂದು ಬಾಯಲ್ಲೇ ಹೇಳಬಲ್ಲ ಹುಡುಗನಿಗೆ ಅನುಪಾತದ ಪಾಠವನ್ನು ಜೂನ್‌ನಲ್ಲಿ ಮತ್ತೆ ಮಾಡಬೇಕಾಗಿಲ್ಲ. ನನ್ನ ಮೊಮ್ಮಗ ಈ ವಿಷಯದಲ್ಲಿ ನನ್ನನ್ನು ದಿನವೂ ಪರೀಕ್ಷಿಸುತ್ತಾನೆ, ಕೆಲವೊಮ್ಮೆ ಅನುತ್ತೀರ್ಣಗೊಳಿಸುತ್ತಾನೆ. ಚೌಕಾಬಾರ, ಅಳಗುಳಿಮಣೆಗಳಲ್ಲಿ ಎಣಿಕೆಯೂ ಮುಂದಾಲೋಚನೆಯೂ ಇವೆ. ವಿದ್ಯುತ್ ಮೀಟರಿನ ಅಂಕಿಗಳನ್ನು ವಾರಕ್ಕೊಮ್ಮೆ ಬರೆದುಕೊಂಡು ವ್ಯತ್ಯಾಸ ಕಳೆಯುವುದು, ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವುದು, ಊರಿಗೆ ಹೋಗುವ ಬಸ್ಸಿನ ವೇಳಾಪಟ್ಟಿ ನೋಡಿ ಎಷ್ಟು ಹೊತ್ತಿಗೆ ಮನೆ ಬಿಡಬೇಕೆಂದು ಹೇಳುವುದು ಇವೆಲ್ಲ ಲೆಕ್ಕವೇ. ಈಗ ಹಣವನ್ನು ಮೊಬೈಲ್‌ನಿಂದ ಪಾವತಿಸುವ ರೂಢಿಯಾದುದರಿಂದ ಚಿಲ್ಲರೆ ಎಣಿಸುವ ಅವಕಾಶ ಮಕ್ಕಳ ಕೈತಪ್ಪಿದೆ. ರಜೆಯಲ್ಲಾದರೂ ಅವರ ಕೈಗೆ ನೂರು ರೂಪಾಯಿಯ ನೋಟು ಕೊಟ್ಟು ಕಳಿಸುವುದು ಒಳ್ಳೆಯದು.

ಓದಿನ ವಿಷಯದಲ್ಲಿ ಆಯ್ಕೆ ಮಗುವಿನದೇ ಆಗಿರಬೇಕು. ಕನ್ನಡದಲ್ಲಿ ಮಕ್ಕಳಿಗೆ ಓದಲು ಏನಿದೆ ಎಂಬ ಪ್ರಶ್ನೆಯನ್ನು ಆಂಗ್ಲ ಮಾಧ್ಯಮದ ಮಕ್ಕಳ ತಾಯಿತಂದೆಯರು ಆಗಾಗ ಕೇಳುತ್ತಾರೆ. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಸಿದ್ಧಪಡಿಸಿದ್ದು 1930ರ ದಶಕದಲ್ಲಿ, ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳು ಬಂದದ್ದು 1970ರ ದಶಕದಲ್ಲಿ. ಬೆಂಗಳೂರಿನಲ್ಲೇ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆ ಅಗ್ಗದ ಬೆಲೆಯ ಚಿತ್ರಪುಸ್ತಕಗಳನ್ನು ಕನ್ನಡದಲ್ಲಿ ತಂದಿದೆ. 2015ರಿಂದ ‘ಸ್ಟೋರಿವೀವರ್’ ಎಂಬ ತಾಣದಲ್ಲಿ ಅಂಥ ಕತೆಗಳನ್ನು ಉಚಿತವಾಗಿ ಓದಲೂ ಮುದ್ರಿಸಿಕೊಳ್ಳಲೂ ಅವಕಾಶವಿದೆ. ಪುಸ್ತಕವಿಲ್ಲ ಎಂಬ ನೆಪ ಇನ್ನು ನಡೆಯದು. ವರ್ಷವಿಡೀ ಇಂಗ್ಲಿಷಿನಲ್ಲಿ ಕಲಿಯುವ ಮಗುವಿಗೆ ಕನ್ನಡವನ್ನು ಪರೀಕ್ಷೆಯ ಭಯವಿಲ್ಲದೆ ಓದಲು ಇರುವ ಕಾಲ ಈ ಏಳು ವಾರಗಳು ಮಾತ್ರ.

ಇಷ್ಟು ಮಾಡಿದರೆ ನಮ್ಮ ಮಕ್ಕಳ ಮಟ್ಟಿಗೆ ಸಾಕು. ಆದರೆ ಹಿತ್ತಲ ಮೆಟ್ಟಿಲ ಮೇಲೆ ಕುಳಿತ ಹುಡುಗಿಗೆ ಇದು ತಲುಪುವುದಿಲ್ಲ. ಅವಳ ತಾಯಿಗೆ ಅಂಕಪಟ್ಟಿ ಓದಲು ಬಾರದು. ಅಲ್ಲಿ ಸಾರ್ವಜನಿಕ ವ್ಯವಸ್ಥೆಯೇ ಮುಂದಾಗಬೇಕು. ಅದು ಅಸಾಧ್ಯವೇನೂ ಅಲ್ಲ ಎಂಬುದಕ್ಕೆ ಬಿಹಾರವೇ ನಿದರ್ಶನ. 2008ರ ಜೂನ್‌ನಲ್ಲಿ ‘ಪ್ರಥಮ್’ ಸಂಸ್ಥೆ ಅಲ್ಲಿನ ಸರ್ಕಾರದ ಜೊತೆಗೂಡಿ ಓದಲು ಹಿಂದುಳಿದ ಮಕ್ಕಳಿಗಾಗಿ ಒಂದು ತಿಂಗಳ ಬೇಸಿಗೆ ಶಿಬಿರಗಳನ್ನು ನಡೆಸಿತು. ಪಾಠ ಮಾಡಿದವರು ಸರ್ಕಾರಿ ಶಾಲೆಯ ಶಿಕ್ಷಕರೇ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಇದನ್ನು ಮೌಲ್ಯಮಾಪನ ಮಾಡಿದಾಗ ಮಕ್ಕಳ ಓದಿನಲ್ಲಿಯೂ ಲೆಕ್ಕದಲ್ಲಿಯೂ ಸ್ಪಷ್ಟ ಪ್ರಗತಿ ಕಂಡುಬಂತು. ವಿಶೇಷವೆಂದರೆ, ಶಾಲಾ ದಿನಗಳಲ್ಲಿ ಅದೇ ಸಾಮಗ್ರಿ, ಅದೇ ತರಬೇತಿಯನ್ನು ಶಿಕ್ಷಕರಿಗೆ ಕೊಟ್ಟಾಗ ಹೇಳಿಕೊಳ್ಳುವಂತಹ ಪರಿಣಾಮ ಆಗಿರಲಿಲ್ಲ. ವರ್ಷದಲ್ಲಿ ಶಿಕ್ಷಕ ಪಠ್ಯಪುಸ್ತಕ ಮುಗಿಸುವ ಧಾವಂತದಲ್ಲಿರುತ್ತಾನೆ. ಬೇಸಿಗೆಯಲ್ಲಿ ಮುಗಿಸಬೇಕಾದ ಪುಸ್ತಕವೇ ಇರುವುದಿಲ್ಲ, ಎದುರಿಗಿರುವ ಮಗುವಷ್ಟೇ ಇರುತ್ತದೆ. ಹಿಂದುಳಿದ ಮಗುವಿಗೆ ರಜೆಯಲ್ಲಿ ಸಿಗುವ ತಿಂಗಳು ಶಾಲಾ ವರ್ಷದ ತಿಂಗಳಿಗಿಂತ ಬೆಲೆಯುಳ್ಳದ್ದಾಗಿರಬಹುದು ಎಂಬುದು ನಮ್ಮ ಯೋಜಕರು ಇನ್ನೂ ಪೂರ್ತಿ ಮನಗಾಣದ ಸಂಗತಿ.

ರಜೆ ಶಿಕ್ಷಕರ ಸೇವಾ ನಿಯಮದ ಭಾಗ, ಅದನ್ನು ಕಸಿದುಕೊಳ್ಳಬಾರದು. ಗೌರವಧನ ಕೊಟ್ಟು ಸ್ವಇಚ್ಛೆಯಿಂದ ಬರುವವರನ್ನು ಕರೆಯಬಹುದು. ಊರಿನಲ್ಲೇ ಇರುವ ಪದವಿ ವಿದ್ಯಾರ್ಥಿಗಳಿದ್ದಾರೆ, ಓದಿ ಮನೆಯಲ್ಲಿರುವ ಹೆಣ್ಣುಮಕ್ಕಳಿದ್ದಾರೆ. ಬೆಳಗಿನ ಎಂಟರಿಂದ ಹತ್ತರವರೆಗೆ, ಬಿಸಿಲೇರುವ ಮುನ್ನ, ಒಂದು ಕೋಣೆ ತೆರೆದಿದ್ದರೆ ಆಯಿತು. ಬರ ಬಂದ ವರ್ಷಗಳಲ್ಲಿ ನಾವು ಬೇಸಿಗೆಯಲ್ಲೂ ಶಾಲೆಯ ಅಡುಗೆ ಮನೆಯನ್ನು ತೆರೆದಿದ್ದೇವಲ್ಲವೇ? ಬರಪೀಡಿತ ಪ್ರದೇಶಗಳಲ್ಲಿ ರಜೆಯಲ್ಲೂ ಬಿಸಿಯೂಟ ನೀಡಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತು. 2024ರ ಬರದಲ್ಲಿ ಕರ್ನಾಟಕವೂ ಹಾಗೆ ಮಾಡಿತು. ಊಟಕ್ಕೆಂದು ಬಂದ ಮಗುವಿನ ಕೈಗೆ ಒಂದು ಪುಸ್ತಕ ಕೊಡಲು ಪ್ರತ್ಯೇಕ ಆದೇಶ ಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ವ್ಯಾಪ್ತಿಗೆ ಬಂದ ಮೇಲೆ, 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆತದ್ದು ಶ್ಲಾಘನೀಯ. ಸುಮಾರು ಆರು ಸಾವಿರ ಪಂಚಾಯಿತಿಗಳ ರಾಜ್ಯದಲ್ಲಿ ಇದು ಸಣ್ಣ ಕೆಲಸವಲ್ಲ. ನಗರದ ಕಟ್ಟಡ ಕಾಮಗಾರಿಯ ಶೆಡ್ಡುಗಳಲ್ಲಿರುವ ಮಕ್ಕಳಿಗೆ ಮಾತ್ರ ಪಂಚಾಯಿತಿಯೂ ಇಲ್ಲ, ಅದರ ಗ್ರಂಥಾಲಯವೂ ಇಲ್ಲ.

ಇದೆಲ್ಲಕ್ಕಿಂತ ಸುಲಭವಾದ, ಖರ್ಚೇ ಇಲ್ಲದ ಕೆಲಸವೊಂದಿದೆ. ಬಹುತೇಕ ಎಲ್ಲ ಸರ್ಕಾರಿ ಶಾಲೆಗಳಲ್ಲೂ ಮುಖ್ಯ ಶಿಕ್ಷಕರ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು ಇರುತ್ತದೆ. ಅದರಲ್ಲಿ ಅನುದಾನದಿಂದ ಕೊಂಡ, ದಾನಿಗಳು ಕೊಟ್ಟ ಕತೆ ಪುಸ್ತಕಗಳಿರುತ್ತವೆ. ಜಿಲ್ಲಾ ಪಂಚಾಯಿತಿಯಲ್ಲಿದ್ದಾಗ ತಪಾಸಣೆಗೆ ಹೋದ ಕಡೆಗಳಲ್ಲಿ ಬೀರು ತೆಗೆಸಿ ನೋಡುವುದು ನನ್ನ ಅಭ್ಯಾಸವಾಗಿತ್ತು. ಎಷ್ಟೋ ಪುಸ್ತಕಗಳು ಮುದ್ರಣಾಲಯದ ವಾಸನೆಯನ್ನು ಇನ್ನೂ ಕಳೆದುಕೊಂಡಿರಲಿಲ್ಲ. ಬೀಗದ ಕೈ ಕೊಡಲು ಮುಖ್ಯ ಶಿಕ್ಷಕರು ಹಿಂಜರಿಯುವುದಕ್ಕೆ ಕಾರಣ ಸೋಮಾರಿತನವಲ್ಲ, ದಾಸ್ತಾನು ವಹಿ. ಪುಸ್ತಕ ಕಳೆದರೆ ಲೆಕ್ಕ ಪರಿಶೋಧಕರ ಆಕ್ಷೇಪಣೆ, ಆಕ್ಷೇಪಣೆ ಬಂದರೆ ಸಂಬಳದಿಂದ ವಸೂಲಿ ಎಂಬ ಭಯ. ಆದರೆ ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳೇ ಗ್ರಂಥಾಲಯದಲ್ಲಿ ಬಳಕೆಯಾದ ಪ್ರತಿ ಸಾವಿರ ಪುಸ್ತಕಗಳಿಗೆ ವರ್ಷಕ್ಕೆ ಐದರ ನಷ್ಟವನ್ನು, ಅದು ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯದಿಂದ ಆದದ್ದಲ್ಲವಾದರೆ, ಸಹಜವೆಂದು ಒಪ್ಪುತ್ತವೆ. ಶಾಲೆಗಳಿಗೆ ಇನ್ನಷ್ಟು ಉದಾರವಾದ ಮಿತಿಯನ್ನು ರಾಜ್ಯ ಸರ್ಕಾರ ಒಂದು ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದರೆ ಬೀರುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ.

ಏಪ್ರಿಲ್ 10ರ ಆಸುಪಾಸಿನಲ್ಲಿ ಫಲಿತಾಂಶ ತಿಳಿಸಲು ಪೋಷಕರನ್ನು ಶಾಲೆಗೆ ಕರೆಯುತ್ತಾರೆ. ಅಂದೇ ಪ್ರತಿ ಮಗುವಿಗೆ ಅದೇ ಆರಿಸಿಕೊಂಡ ಎರಡು ಪುಸ್ತಕಗಳನ್ನು ಕೊಟ್ಟು, ವಹಿಯಲ್ಲಿ ಪೋಷಕರ ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಪಡೆದು, ಮೇ ಕೊನೆಯ ಪ್ರಾರಂಭೋತ್ಸವದ ದಿನ ಹಿಂದಕ್ಕೆ ತೆಗೆದುಕೊಂಡರೆ ಆಯಿತು. ಮುನ್ನೂರು ಮಕ್ಕಳ ಶಾಲೆಯಿಂದ ಆರುನೂರು ಪುಸ್ತಕಗಳು ಮನೆಗಳಿಗೆ ಹೋಗುತ್ತವೆ. ಕೇಂದ್ರದ ನಿಯಮದಂತೆ ಮೂರು ಕಳೆದುಹೋಗಬಹುದು. ಅದರ ಹತ್ತರಷ್ಟು, ಮೂವತ್ತು ಕಳೆದುಹೋದವು ಎಂದೇ ಇಟ್ಟುಕೊಳ್ಳೋಣ. ಒಂದಕ್ಕೆ ಐವತ್ತು ರೂಪಾಯಿಯಂತೆ ನಷ್ಟ ಒಂದೂವರೆ ಸಾವಿರ ರೂಪಾಯಿ. ಪ್ರಾರಂಭೋತ್ಸವದ ದಿನ ಶಾಲೆಯ ಬಾಗಿಲಿಗೆ ಕಟ್ಟುವ ಫ್ಲೆಕ್ಸು, ತೋರಣ, ಹಂಚುವ ಸಿಹಿಯ ಖರ್ಚು ಇದಕ್ಕಿಂತ ಹೆಚ್ಚಾಗುತ್ತದೆ.